ಪಂಪಿನ ಹೆಡ್ ಅಳೆದು ಮೋಟಾರ್ ಬದಲಿಸಿ

ನಮ್ಮ ಸೇಡಂ-ಚಿತ್ತಾಪುರ ಕಡೆ ನೀರು ಕಮ್ಮಿ ಬಂದರೆ 'ಏಳೂವರೆ ಎಚ್‌ಪಿ ಕೂಡ್ರಿಸ್ರಿ' ಅನ್ನುವವರೇ ಹೆಚ್ಚು. ಅದಕ್ಕೂ ಮೊದಲು ಹೆಡ್ ಅಳೆಯಿರಿ.

ನನ್ನ ಬಾವಿಯ 5 ಎಚ್‌ಪಿ ಸೆಂಟ್ರಿಫ್ಯೂಗಲ್ ಪಂಪಿನ ಎರಡೂ ಬದಿಗೆ ಗೇಜ್ ಹಾಕಿಸಿದೆ. ಪಂಪ್ ಓಡುವಾಗ ಡೆಲಿವರಿ ಗೇಜ್ 1.8 ಕಿಲೋ ತೋರಿಸಿತು. ಕಿಲೋಗೆ 10 ಮೀಟರಿನಂತೆ 18 ಮೀಟರ್. ಸಕ್ಷನ್ ಗೇಜ್ 300 ಮಿ.ಮೀ. ಪಾದರಸ, 13.6ರಿಂದ ಗುಣಿಸಿದರೆ ನೀರಿನ ಲೆಕ್ಕದಲ್ಲಿ 4 ಮೀಟರ್. ಡೆಲಿವರಿ ಗೇಜ್ ಅರ್ಧ ಮೀಟರ್ ಮೇಲಿದೆ, ಅದನ್ನೂ ಕೂಡಿಸಬೇಕು. ಒಟ್ಟು 22.5 ಮೀಟರ್. 200 ಲೀಟರ್ ಡ್ರಮ್ 25 ಸೆಕೆಂಡಿಗೆ ತುಂಬಿತು. ಎರಡೂ ಲೆಕ್ಕ ನೇಮ್‌ಪ್ಲೇಟಿಗೆ ಹತ್ತಿರ, ಪಂಪಿಗೆ ರೋಗವಿಲ್ಲ.

ಬಾವಿ ನೀರಿನಿಂದ ಪೈಪಿನ ಬಾಯಿಗೆ ಎತ್ತರ 12 ಮೀಟರ್ ಮಾತ್ರ. ಉಳಿದದ್ದನ್ನು ಪೈಪೇ ನುಂಗುತ್ತಿತ್ತು! ಎರಡೂವರೆ ಇಂಚಿನದು ತೆಗೆದು ಮೂರಿಂಚಿನದು ಹಾಕಿದೆ. ಹಳೇ ಮೋಟಾರಿಗೇ ಈಗ ಹೊಲದ ತುದಿಗೆ ನೀರು ಮುಟ್ಟುತ್ತದೆ. ನೀರು ಹೆಚ್ಚಿದಾಗ ಆಂಪಿಯರ್ ಮಾತ್ರ ನೋಡಿಕೊಳ್ಳಿ.