ಹೊಳೆಯನ್ನೂ ಕಾಡನ್ನೂ ಕಾಯುವ ಉದ್ಯೋಗಗಳು

ಮಗನು ಹನ್ನೆರಡನೆಯ ಇಯತ್ತೆಯನ್ನು ದಾಟಿದ ಕೂಡಲೆ ಮನೆಯಲ್ಲಿ ಎರಡೇ ಮಾತುಗಳು ಕೇಳಬರುವವು: ಒಂದು ಡಾಕ್ಟರಿಕೆ, ಇನ್ನೊಂದು ಎಂಜಿನಿಯರಿಕೆ. ಇವೆರಡೂ ಕೈಗೂಡದಿದ್ದರೆ ಹುಡುಗನ ಬಾಳೇ ಕೆಟ್ಟಿತೆಂದು ತಾಯಿತಂದೆಗಳು ಹಲುಬುವದುಂಟು. ಆದರೆ ನಮ್ಮ ಊರ ಮುಂದೆ ಹರಿಯುವ ಹೊಳೆಯೂ, ನಾವು ಉಳುವ ನೆಲವೂ, ಪಡುವಣದ ಕಾಡೂ ಬಲ್ಲ ತರುಣರ ಹಾದಿಯನ್ನು ಕಾಯುತ್ತಿರುವವೆಂಬದನ್ನು ನಾವು ಮರೆತಿದ್ದೇವೆ.

ಎಂ.ಕೆ. ಹುಬ್ಬಳ್ಳಿಯ ಮಲಪ್ರಭೆಯನ್ನೇ ನೋಡಿರಿ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಇಲ್ಲಿ ಗಂಗಾಂಬಿಕೆಯ ಐಕ್ಯಮಂಟಪವನ್ನು ಮುಟ್ಟಿ, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ರಾಮದುರ್ಗವನ್ನು ಹಾಯ್ದು, ಕೂಡಲಸಂಗಮದಲ್ಲಿ ಅದು ಕೃಷ್ಣೆಯನ್ನು ಸೇರುವದು. ಈ ಹೊಳೆಯೊಂದರ ಜಾಡನ್ನು ಹಿಡಿದು ನಡೆದರೆ ನಾಲ್ಕು ಬಗೆಯ ಉದ್ಯೋಗಗಳು ಕಾಣಸಿಗುವವು.

ಮೊದಲನೆಯದು ಕಾಡಿನದು. ಹೊಳೆಯ ಮೂಲವು ಕಾಡಿನಲ್ಲಿರುವದರಿಂದ ಕಾಡು ಅಳಿದರೆ ಹೊಳೆಯೂ ಸೊರಗುವದು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ ಅರಣ್ಯ ಮಹಾವಿದ್ಯಾಲಯವು ಶಿರಸಿಯಲ್ಲಿ ನಡೆದಿದೆ. ಅಲ್ಲಿಯ ಶಿಕ್ಷಣಕ್ರಮವು ನಾಲ್ಕು ವರ್ಷದ್ದು. ಕಲಿತವರು ವಲಯ ಅರಣ್ಯಾಧಿಕಾರಿಗಳ ಪರೀಕ್ಷೆಗೆ ಕೂಡಬಹುದು. 1966ರಲ್ಲಿ ಆರಂಭವಾದ ಭಾರತೀಯ ಅರಣ್ಯ ಸೇವೆಯ ಬಾಗಿಲೂ ಅವರಿಗೆ ತೆರೆದಿದೆ.

ಎರಡನೆಯದು ಮಣ್ಣಿನದು. ಎರೆಯ ನೆಲಕ್ಕೆ ಮಿತಿಮೀರಿ ನೀರು ಹಾಯಿಸಿದರೆ ಜವುಳು ಹಿಡಿದು ಸವುಳು ಏಳುವದನ್ನು ನಮ್ಮ ರೈತರು ಬಲ್ಲರು. ಅದನ್ನು ತಡೆಯುವ ಉಪಾಯವನ್ನು ಕೃಷಿಶಾಸ್ತ್ರವು ಕಲಿಸುವದು. ಈ ಪದವಿಯ ಪ್ರವೇಶದಲ್ಲಿ ಒಕ್ಕಲಿಗರ ಮಕ್ಕಳಿಗೆ ಮೀಸಲು ಸ್ಥಾನಗಳಿದ್ದು, ಅದಕ್ಕಾಗಿ ಪ್ರಾಯೋಗಿಕ ಪರೀಕ್ಷೆಯನ್ನು ಮಾಡುವರು. ಹೊಲದಲ್ಲಿ ದುಡಿದ ಕೈಗಳಿಗೆ ಇಲ್ಲಿ ಬೆಲೆಯುಂಟು.

ಮೂರನೆಯದು ನೀರಿನ ಲೆಕ್ಕದ್ದು. ಬೇಸಿಗೆಯಲ್ಲಿ ಬತ್ತುವ ಈ ಹೊಳೆಯೇ 2019ರ ಆಗಸ್ಟಿನಲ್ಲಿ ಉಕ್ಕಿ ರಾಮದುರ್ಗದ ಮನೆಗಳಿಗೆ ನುಗ್ಗಿತು. ಮಳೆಯನ್ನು ಅಳೆದು, ಒಳಹರಿವನ್ನು ಗಣಿಸಿ, ಅಣೆಕಟ್ಟಿನಿಂದ ಯಾವಾಗ ಎಷ್ಟು ಬಿಡಬೇಕೆಂದು ಹೇಳಬಲ್ಲವರು ಬೇಕು. ಭೂಗರ್ಭಶಾಸ್ತ್ರವನ್ನಾಗಲಿ ಸಿವಿಲ್ ಎಂಜಿನಿಯರಿಂಗನ್ನಾಗಲಿ ಓದಿ, ಗಣಕಯಂತ್ರದಲ್ಲಿ ನಕ್ಷೆ ಮಾಡುವದನ್ನು ಕಲಿತವರಿಗೆ ಇದು ಸಾಧ್ಯ.

ನಾಲ್ಕನೆಯದು ನೀರಿನ ನೈರ್ಮಲ್ಯದ್ದು. 1974ರ ಜಲಮಾಲಿನ್ಯ ಕಾಯಿದೆಯ ಮೇರೆಗೆ ಕಾರ್ಖಾನೆಯ ಹೊಲಸುನೀರನ್ನು ಶುದ್ಧಗೊಳಿಸದೆ ಹೊಳೆಗೆ ಬಿಡಕೂಡದು. ಪರೀಕ್ಷಕನು ಆ ನೀರಿನ ಮಾದರಿಯನ್ನು 27 ಅಂಶ ಸೆಲ್ಸಿಯಸ್ ಶಾಖದಲ್ಲಿ ಮೂರು ದಿನ ಇಟ್ಟು, ಅದರಲ್ಲಿಯ ಸೂಕ್ಷ್ಮಜೀವಿಗಳು ಕೊಳೆಯನ್ನು ಅರಗಿಸುವಾಗ ಎಷ್ಟು ಪ್ರಾಣವಾಯುವನ್ನು ಹೀರಿದವೆಂದು ಅಳೆಯುವನು. ಪ್ರಾಣವಾಯು ಹೆಚ್ಚು ವ್ಯಯವಾದಷ್ಟೂ ಹೊಲಸು ಹೆಚ್ಚು; ಅಂಥ ನೀರಿನಲ್ಲಿ ಮೀನು ಉಸಿರುಗಟ್ಟಿ ಸಾಯುವದು. ರಸಾಯನಶಾಸ್ತ್ರ, ಪರಿಸರ ವಿಜ್ಞಾನಗಳನ್ನು ಓದಿದವರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿಯೂ, ಕಾರ್ಖಾನೆಗಳ ಪ್ರಯೋಗಶಾಲೆಗಳಲ್ಲಿಯೂ ಕೆಲಸವುಂಟು.

ಆದರೆ ಪಾಲಕರಿಗೆ ಸಿಹಿಯನ್ನಷ್ಟೇ ಹೇಳುವದು ನ್ಯಾಯವಲ್ಲ. ಸರಕಾರದ ಸ್ಥಾನಗಳು ಮಿತವಾಗಿವೆ. ಪರೀಕ್ಷೆಯ ಕರೆಗಾಗಿ ವರ್ಷಗಟ್ಟಲೆ ಕಾಯಬೇಕಾಗಬಹುದು. ಖಾಸಗಿ ಕೆಲಸದಲ್ಲಿ ಮೊದಲ ಸಂಬಳವು ಸಣ್ಣದು. ಇದಕ್ಕಿಂತ ಬಿಗಿಯಾದ ಪರೀಕ್ಷೆ ಇನ್ನೊಂದಿದೆ. ಹೊಳೆದಂಡೆಯ ಅನೇಕ ಸಂಸಾರಗಳಿಗೆ ಕಬ್ಬಿನ ಹಣವು ಕಾರ್ಖಾನೆಯಿಂದ ಬರುವದು, ಕುಡಿಯುವ ನೀರು ಹೊಳೆಯಿಂದ ಬರುವದು. ಒಂದನ್ನು ಬಿಟ್ಟು ಇನ್ನೊಂದರಿಂದ ಬದುಕಲಾಗದು. ಧಣಿಗೆ ರುಚಿಸದ ಅಂಕಿಯನ್ನೂ ಇದ್ದಕ್ಕಿದ್ದಂತೆ ಬರೆದು ಸಹಿ ಮಾಡುವ ಧೈರ್ಯವು ಈ ಉದ್ಯೋಗದ ಮೊದಲ ಅರ್ಹತೆ. ಅದನ್ನು ಯಾವ ಮಹಾವಿದ್ಯಾಲಯವೂ ಕೊಡಲಾರದು, ಮನೆಯಲ್ಲಿಯೇ ಕಲಿಸಬೇಕು.

ಹೆಣ್ಣುಮಕ್ಕಳಿಗೆ ಕಾಡಿನ ಕೆಲಸವು ಸಲ್ಲದೆಂಬ ಹಳೆಯ ಮಾತನ್ನೂ ಬಿಡಬೇಕು. ಇಂದು ಅವರೂ ಅರಣ್ಯಾಧಿಕಾರಿಗಳಾಗಿ ದುಡಿಯುತ್ತಿದ್ದಾರೆ.

ಆದುದರಿಂದ ಪಾಲಕರೇ, ಅರ್ಜಿಯನ್ನು ತುಂಬುವ ಮೊದಲು ಒಂದು ಸಂಜೆ ಮಗನನ್ನಾಗಲಿ ಮಗಳನ್ನಾಗಲಿ ಹೊಳೆಯ ದಂಡೆಗೆ ಕರೆದುಕೊಂಡು ಹೋಗಿರಿ. ನೀರು ಏಕೆ ಇಳಿಯಿತು, ಏಕೆ ಬಣ್ಣಗೆಟ್ಟಿತು ಎಂದು ಆ ಮಗುವು ತಾನಾಗಿಯೇ ಕೇಳಿದರೆ, ಅದನ್ನು ಬೇರೆ ದಾರಿಗೆ ಎಳೆಯಬೇಡಿರಿ. ಆ ಪ್ರಶ್ನೆಗೆ ಉತ್ತರ ಹುಡುಕುವವರು ಈ ನಾಡಿಗೆ ಬೇಕಾಗಿದ್ದಾರೆ.