ಕಸಿ ಗುಲಾಬಿ ಕಾಡು ಗುಲಾಬಿಯಾಗಿ ಬದಲಾಗುತ್ತದೆಯೇ?

ನರ್ಸರಿಯಿಂದ ತಂದ ಗುಲಾಬಿ ಒಂದೆರಡು ವರ್ಷ ದೊಡ್ಡ ದೊಡ್ಡ ಕೆಂಪು ಹೂ ಬಿಡುತ್ತದೆ. ಆಮೇಲೆ ಬುಡದಿಂದ ಬಳ್ಳಿಯಂತಹ ಉದ್ದನೆಯ ಕೊಂಬೆಗಳು ಏಳುತ್ತವೆ. ಕೆಂಪು ಹೂ ನಿಂತೇ ಹೋಗುತ್ತದೆ; ಬಿಟ್ಟರೆ ಐದೇ ಎಸಳಿನ ಪುಟ್ಟ ಹೂ. ‘ಗೊಬ್ಬರ ಸಾಲದೆ ಗಿಡ ಕಾಡಾಯಿತು’ ಎನ್ನುವವರುಂಟು, ‘ನರ್ಸರಿಯವರು ಮೋಸ ಮಾಡಿದರು’ ಎನ್ನುವವರೂ ಉಂಟು. ನಿಜವಾಗಿ ಏನಾಗಿರುತ್ತದೆ?

ಕುಂಡ ಒಂದು, ಗಿಡ ಎರಡು

ಮಾರಾಟಕ್ಕೆ ಬರುವ ಹೆಚ್ಚಿನ ಗುಲಾಬಿಗಳು ಕಣ್ಣು ಕಸಿ ಮಾಡಿದವು. ಬೇರು ಒಂದು ಗಟ್ಟಿ ಜಾತಿಯದು. ಅನೇಕ ಕಡೆ ಇದಕ್ಕೆ ಜಪಾನ್, ಚೀನಾ, ಕೊರಿಯಾಗಳ ಕಾಡು ಗುಲಾಬಿಯಾದ ರೋಸಾ ಮಲ್ಟಿಫ್ಲೋರಾವನ್ನು ಬಳಸುತ್ತಾರೆ. ಅದರ ಕಾಂಡದಲ್ಲಿ ಕೂರಿಸಿದ ಒಂದು ಕಣ್ಣು ಬೆಳೆದು ನಮ್ಮ ಕೆಂಪು ಗುಲಾಬಿಯಾಗುತ್ತದೆ. ಎರಡೂ ನೀರು, ಆಹಾರ ಹಂಚಿಕೊಂಡು ಬದುಕಿದರೂ ಅವುಗಳ ವಂಶವಾಹಿಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ. ಹಾಗಾಗಿ ಒಂದು ಇನ್ನೊಂದಾಗಿ ಬದಲಾಗುವುದಿಲ್ಲ.

ಆಗುವುದು ಇಷ್ಟೇ: ಕಸಿಯ ಗಂಟಿನ ಕೆಳಗಿನಿಂದ ಬೇರುಗಿಡ ತನ್ನದೇ ಚಿಗುರು ಬಿಡುತ್ತದೆ. ಕಾಡುಜಾತಿ ವೇಗವಾಗಿ ಬೆಳೆಯುವುದರಿಂದ ನೀರು, ಬಿಸಿಲು ಅದರ ಪಾಲಾಗುತ್ತದೆ. ಮೇಲಿನ ಗಿಡ ಸೊರಗಿ ಕೊನೆಗೆ ಸಾಯುತ್ತದೆ. ಅದು ಪೂರ್ತಿ ಸತ್ತ ಮೇಲೆ ಎಷ್ಟು ಗೊಬ್ಬರ ಹಾಕಿದರೂ ಕೆಂಪು ಹೂ ಮರಳದು.

ಏಳು ಎಲೆಯಿದ್ದರೆ ಕಾಡೇ?

‘ಐದು ಎಲೆಯಿದ್ದರೆ ಒಳ್ಳೆಯದು, ಏಳಿದ್ದರೆ ಕಾಡು’ ಎಂಬ ಮಾತನ್ನು ನಂಬಬೇಡಿ. ಎಷ್ಟೋ ಒಳ್ಳೆಯ ತಳಿಗಳಲ್ಲೂ ಒಂದು ಎಲೆಯಲ್ಲಿ ಏಳು ಕಿರುಎಲೆಗಳಿರುತ್ತವೆ. ಈ ಲೆಕ್ಕ ನಂಬಿ ಕಸಿಗಿಡದ ಹೊಸ ಚಿಗುರನ್ನೇ ಕತ್ತರಿಸಿದರೆ ಮುಂದಿನ ಹೂಗಳನ್ನೇ ಕಳೆದುಕೊಂಡಂತೆ. ಸರಿಯಾದ ಪರೀಕ್ಷೆ ಒಂದೇ: ಬುಡದ ಮಣ್ಣು ಸರಿಸಿ, ಚಿಗುರು ಎಲ್ಲಿಂದ ಹುಟ್ಟಿದೆ ನೋಡಿ. ಗಂಟಿನ ಮೇಲಿನಿಂದ ಬಂದಿದ್ದರೆ ಉಳಿಸಿ, ಕೆಳಗಿನಿಂದ ಬಂದಿದ್ದರೆ ತೆಗೆಯಿರಿ.

ತೆಗೆಯುವಾಗ ಮಣ್ಣಿನ ಮಟ್ಟದಲ್ಲಿ ಕತ್ತರಿಸಿದರೆ ಸಾಲದು. ಉಳಿದ ತುಂಡಿನ ಕಣ್ಣುಗಳಿಂದ ಮತ್ತಷ್ಟು ಚಿಗುರು ಬರುತ್ತವೆ. ಎಳೆಯದಿದ್ದಾಗಲೇ, ಹುಟ್ಟಿದ ಜಾಗದಿಂದ ಕೆಳಮುಖವಾಗಿ ಎಳೆದು ಕಿತ್ತುಹಾಕಿ.

ಕಾಡು ಗುಲಾಬಿಯನ್ನೇ ಬೆಳೆಸಬಹುದೇ?

ಖಂಡಿತ. ‘ಕಾಡು’ ಎಂದ ಮಾತ್ರಕ್ಕೆ ಅದು ಕಳೆಯಲ್ಲ. ಅದರ ತೆರೆದ ಹೂವಿನಲ್ಲಿ ಜೇನುಹುಳಕ್ಕೆ ಪರಾಗ ಸುಲಭವಾಗಿ ಸಿಗುತ್ತದೆ. ತುಂಬು ಎಸಳಿನ ಗುಲಾಬಿಗಳಲ್ಲಿ ಬಹಳಷ್ಟು ಕೇಸರಗಳು ಎಸಳುಗಳಾಗಿಬಿಟ್ಟಿರುತ್ತವೆ. ಕಾಯಿಗಳಲ್ಲಿ ‘ಸಿ’ ಜೀವಸತ್ವವಿದೆ. ಎರಡನೆಯ ಮಹಾಯುದ್ಧದಲ್ಲಿ ಕಿತ್ತಳೆ ಸಿಗದಿದ್ದಾಗ ಬ್ರಿಟನ್ನಿನಲ್ಲಿ ಈ ಕಾಯಿಗಳ ಪಾನಕವನ್ನು ಮಕ್ಕಳಿಗೆ ಕೊಡುತ್ತಿದ್ದರು. ಕಾಯಿಯೊಳಗಿನ ಸಣ್ಣ ಕೂದಲು ಗಂಟಲು ಕೆರೆಸುವುದರಿಂದ ಅದನ್ನು ಸೋಸಿ ತೆಗೆಯಬೇಕು.

ಚಳಿ ದೇಶದ ಜಾತಿಗಳು ನಮ್ಮ ಬಯಲುಸೀಮೆಯ ಸೆಖೆಗೆ ಒಗ್ಗುವುದು ಕಷ್ಟ. ಭಾರತದ್ದೇ ಆದ ರೋಸಾ ಕ್ಲೈನೋಫಿಲ್ಲಾ ಬಿಸಿಯನ್ನೂ ನೀರು ನಿಲ್ಲುವುದನ್ನೂ ತಡೆಯುತ್ತದೆ. ಕೊಡೈಕೆನಾಲಿನ ವೀರು ವೀರರಾಘವನ್ ಸೆಖೆ ತಾಳುವ ತಳಿಗಳನ್ನು ರೂಪಿಸಲು ಇದನ್ನೇ ಬಳಸಿದ್ದಾರೆ.

ನೆಡುವ ಮುನ್ನ ನೆನಪಿಡಬೇಕಾದ್ದು:

- ದಿನಕ್ಕೆ ಸುಮಾರು 6 ಗಂಟೆ ಬಿಸಿಲು ಮತ್ತು ಹರಡಲು ಜಾಗ ಬೇಕು. ಚಿಕ್ಕ ಕುಂಡ ಸಾಲದು.
- ಪೆನ್ಸಿಲ್ ದಪ್ಪದ ಕಡ್ಡಿ ನೆಟ್ಟರೆ ಸಾಕು, ಕಸಿ ಬೇಕಿಲ್ಲ. ಕಡ್ಡಿಯಿಂದ ಬಂದ ಗಿಡದಲ್ಲಿ ಬುಡದ ಚಿಗುರೂ ಅದೇ ಜಾತಿಯದು.
- ಹೆಚ್ಚಿನ ಜಾತಿಗಳು ವರ್ಷಕ್ಕೊಮ್ಮೆ, ಹಳೆಯ ಕೊಂಬೆಗಳ ಮೇಲೆ ಹೂ ಬಿಡುತ್ತವೆ. ಹೂ ಮುಗಿದ ಮೇಲೆ ಸವರಿ. ಮೊದಲೇ ಸವರಿದರೆ ಆ ವರ್ಷದ ಹೂವಿಲ್ಲ. ಕಾಯಿ ಬೇಕಿದ್ದರೆ ಕೆಲವು ಕೊಂಬೆಗಳನ್ನು ಬಿಟ್ಟುಬಿಡಿ.
- ಮಲ್ಟಿಫ್ಲೋರಾವನ್ನು ಕಾಡಂಚಿನಲ್ಲಿ ನೆಡಬೇಡಿ. ಅಮೆರಿಕದಲ್ಲಿ ಬೇಲಿಗೆಂದು ಬೆಳೆಸಿದ ಇದರ ಬೀಜಗಳನ್ನು ಹಕ್ಕಿಗಳು ಹರಡಿ, ಈಗ ಅಲ್ಲಿನ ಹುಲ್ಲುಗಾವಲುಗಳಿಗೇ ಕಂಟಕವಾಗಿದೆ.