ಹರಿದ ಕಿವಿಹಾಲೆಗೆ ಹೊಲಿಗೆ

ನಮ್ಮ ಹಳ್ಳಿಗಳಲ್ಲಿ ಯಾವ ಮದುವೆಯ ಮನೆಗೆ ಹೋದರೂ ಒಂದಿಬ್ಬರು ಹೆಂಗಸರು ಸೆರಗನ್ನು ಕಿವಿ ಮುಚ್ಚುವ ಹಾಗೆ ಎಳೆದುಕೊಂಡು ಕುಳಿತಿರುವುದನ್ನು ನೀವು ಕಂಡಿರಬಹುದು. ಅದು ಚಳಿಗಾಗಿ ಅಲ್ಲ. ಕಿವಿಯ ಹಾಲೆ ಹರಿದು ಎರಡು ಎಸಳಾಗಿ ಜೋತುಬಿದ್ದಿರುತ್ತದೆ, ಓಲೆ ನಿಲ್ಲುವುದಿಲ್ಲ. ಕೆಲವರು ಓಲೆಗೆ ದಾರ ಕಟ್ಟಿ ಕಿವಿಯ ಮೇಲಿನಿಂದ ಇಳಿಬಿಟ್ಟಿರುತ್ತಾರೆ. ಕೆಲವರು ಓಲೆಯನ್ನು ಪೆಟ್ಟಿಗೆಯಲ್ಲಿಟ್ಟು ಬರಿಗಿವಿಯಲ್ಲಿಯೇ ವರ್ಷಗಳನ್ನು ಕಳೆಯುತ್ತಾರೆ. ಓಲೆಭಾಗ್ಯ ಎಂಬ ಮಾತು ಬಳಕೆಯಲ್ಲಿರುವ ನಾಡಿನಲ್ಲಿ ಈ ಸಂಕಟ ಎಂಥದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಾಯಂದಿರೇ, ನೀವು ತಿಳಿಯಬೇಕಾದ ಮುಖ್ಯ ಸಂಗತಿ ಇಷ್ಟೆ. ಹರಿದು ಮಾಗಿದ ಹಾಲೆ ತಾನಾಗಿ ಎಂದಿಗೂ ಕೂಡಿಕೊಳ್ಳುವುದಿಲ್ಲ. ಆದರೆ ವೈದ್ಯರು ಹೊಲಿದರೆ ಕೂಡಿಕೊಳ್ಳುತ್ತದೆ. ಹರಿದು ಹತ್ತು ವರ್ಷವಾಗಿದ್ದರೂ ಸರಿ, ಮೂವತ್ತು ವರ್ಷವಾಗಿದ್ದರೂ ಸರಿ. ಒಂದು ಕಿವಿಗೆ ಸುಮಾರು ಅರ್ಧ ಗಂಟೆಯ ಕೆಲಸ, ಅದೇ ದಿನ ಮನೆಗೆ ಹಿಂದಿರುಗಬಹುದು.

ಕಿವಿಯ ಮೇಲ್ಭಾಗವನ್ನು ಮಡಿಸಿ ನೋಡಿರಿ. ಒಳಗೆ ಗಟ್ಟಿಯಾದ ಮೃದುವೆಲುಬು ಕೈಗೆ ಸಿಗುತ್ತದೆ. ಕೆಳಗಿನ ಹಾಲೆಯಲ್ಲಿ ಅದು ಇಲ್ಲ. ಅಲ್ಲಿರುವುದು ಚರ್ಮ, ಸ್ವಲ್ಪ ಕೊಬ್ಬು, ಕೆಲವು ನಾರುಗಳು, ಅಷ್ಟೆ. ಇಷ್ಟು ಮೆತ್ತಗಿನ ಜಾಗಕ್ಕೆ ಬೆಂಡೋಲೆ, ಅದರ ಕೆಳಗೆ ಜುಮುಕಿ ತೂಗುಹಾಕಿ ದಿನವೆಲ್ಲ ದುಡಿದರೆ ತೂತು ಎಳ್ಳಿನಷ್ಟಿದ್ದದ್ದು ಹುಣಿಸೆಬೀಜದಷ್ಟು ಉದ್ದವಾಗುತ್ತದೆ. ವಯಸ್ಸಾದಂತೆ ಹಾಲೆ ತೆಳುವಾಗುತ್ತದೆ. ಕೊನೆಗೆ ಅಂಚಿನಲ್ಲಿ ನೂಲಿನಂತೆ ಉಳಿದ ಚರ್ಮ ಒಂದು ದಿನ ಕಡಿದುಹೋಗುತ್ತದೆ. ಹಾಲುಕುಡಿಯುವ ಮಗು ಜುಮುಕಿ ಹಿಡಿದು ಜಗ್ಗುವುದು, ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸುವಾಗ ಓಲೆ ಸಿಕ್ಕಿಕೊಳ್ಳುವುದು, ರವಿಕೆ ಕಳಚುವಾಗ ಕೊಂಡಿ ಹಿಡಿಯುವುದು, ಇಂಥವುಗಳಿಂದ ಒಂದೇ ಕ್ಷಣದಲ್ಲಿ ಹರಿಯುವುದೂ ಉಂಟು. ಕಡಿಮೆ ಬೆಲೆಯ ಓಲೆಗಳಲ್ಲಿ ಬೆರೆತಿರುವ ನಿಕ್ಕಲ್ ಲೋಹ ಕೆಲವರ ಚರ್ಮಕ್ಕೆ ಒಗ್ಗದು. ತುರಿಕೆ ಹುಟ್ಟಿ ನೀರು ಒಸರುತ್ತದೆ, ತೂತು ಮೆತ್ತಗಾಗಿ ಅಗಲವಾಗುತ್ತದೆ.

ಹರಿದದ್ದು ತಾನಾಗಿ ಏಕೆ ಕೂಡುವುದಿಲ್ಲ? ಗಾಯ ಮಾಗುವಾಗ ಸೀಳಿನ ಎರಡು ಅಂಚುಗಳ ಮೇಲೂ ಹೊಸ ಚರ್ಮ ಹಬ್ಬಿಬಿಡುತ್ತದೆ. ಎರಡು ಬೆರಳುಗಳನ್ನು ಜೋಡಿಸಿ ವರ್ಷಗಟ್ಟಲೆ ಹಿಡಿದರೂ ಅವು ಅಂಟಿಕೊಳ್ಳುತ್ತವೆಯೇ? ಇದೂ ಹಾಗೆಯೇ. ಆದುದರಿಂದ ಅಂಟು, ಪಟ್ಟಿ, ಬಿಗಿದು ಕಟ್ಟಿದ ದಾರ, ಯಾವುದರಿಂದಲೂ ಪ್ರಯೋಜನವಿಲ್ಲ. ಹೊಲಿಗೆಯಿಲ್ಲದೆ ಕಿವಿ ಕೂಡಿಸುತ್ತೇವೆಂದು ಆಮ್ಲದ ದ್ರವ ಹಚ್ಚುವ ಅಂಗಡಿಗಳೂ ಇವೆ. ಆ ದ್ರವ ಚರ್ಮವನ್ನು ಸುಡುತ್ತದೆ. ಅದರ ಅಳತೆ ತಿಳಿಯದವರ ಕೈಯಲ್ಲಿ ಕಿವಿ ಇನ್ನಷ್ಟು ವಿಕಾರವಾಗುವುದುಂಟು. ಅಲ್ಲಿಗೆ ಹೋಗಬೇಡಿರಿ.

ವೈದ್ಯರು ಮಾಡುವುದೇನೆಂದರೆ, ಮೊದಲು ಹಾಲೆಗೆ ಸಣ್ಣ ಸೂಜಿಯಿಂದ ಮರಗಟ್ಟಿಸುವ ಮದ್ದು ಕೊಡುತ್ತಾರೆ. ನೋವೆಂಬುದು ಇದ್ದರೆ ಆ ಚುಚ್ಚುವಾಗಿನದು. ನಿಮಗೆ ಪೂರ್ಣ ಎಚ್ಚರವಿರುತ್ತದೆ. ವೈದ್ಯರೊಡನೆ ಮಳೆ ಬೆಳೆಯ ಮಾತನಾಡುತ್ತಲೂ ಇರಬಹುದು. ಆಮೇಲೆ ಸೀಳಿನ ಅಂಚಿನಲ್ಲಿ ಹಬ್ಬಿದ ಹಳೆಯ ಚರ್ಮವನ್ನು ತೆಳುವಾಗಿ ಕತ್ತರಿಸಿ ತೆಗೆಯುತ್ತಾರೆ. ಗಾಯ ಹೊಸದಾಯಿತು. ಈಗ ಎರಡು ಅಂಚುಗಳನ್ನೂ ಸರಿಯಾಗಿ ಕೂಡಿಸಿ, ಮುಂದೆಯೂ ಹಿಂದೆಯೂ ಬಹಳ ಸಣ್ಣ ದಾರದಿಂದ ಹೊಲಿಯುತ್ತಾರೆ. ನೇರವಾಗಿ ಹೊಲಿದ ಗೆರೆ ಮಾಗುವಾಗ ಸ್ವಲ್ಪ ಕುಗ್ಗುತ್ತದೆ, ಹಾಲೆಯ ಕೆಳ ಅಂಚಿನಲ್ಲಿ ಕಚ್ಚು ಬೀಳಬಹುದು. ಅದನ್ನು ತಪ್ಪಿಸಲು ಅನೇಕರು ಅಂಚಿನ ಬಳಿ ಗೆರೆಯನ್ನು ಅಂಕುಡೊಂಕಾಗಿ ತಿರುಗಿಸಿ ಹೊಲಿಯುತ್ತಾರೆ. ಪೂರ್ತಿ ಹರಿಯದೆ ತೂತು ಜಗ್ಗಿದ್ದರೆ ಒಳ ಅಂಚನ್ನು ಮಾತ್ರ ಕತ್ತರಿಸಿ ಹೊಲಿಯಬಹುದು. ಕೆಳಗೆ ಉಳಿದಿರುವುದು ಬರೀ ನೂಲಿನಷ್ಟು ಚರ್ಮವಾದರೆ ಅದನ್ನೂ ಕತ್ತರಿಸಿ ಪೂರ್ತಿ ಹೊಲಿಯುವುದೇ ಮೇಲು.

ಇದು ಪೇಟೆಯವರ ಹೊಸ ಷೋಕಿ ಎಂದು ಯಾರಾದರೂ ಅಂದರೆ ಸುಶ್ರುತ ಸಂಹಿತೆಯ ಹೆಸರು ಹೇಳಿರಿ. ಆ ಪುರಾತನ ವೈದ್ಯಗ್ರಂಥದ ಸೂತ್ರಸ್ಥಾನದ 16ನೆಯ ಅಧ್ಯಾಯ ಕಿವಿ ಚುಚ್ಚುವುದನ್ನೂ, ಹರಿದ ಹಾಲೆಯನ್ನು ಕೂಡಿಸುವುದನ್ನೂ ಕುರಿತದ್ದು. ಕೂಡಿಸುವ 15 ಬಗೆಗಳನ್ನು ಅಲ್ಲಿ ಎಣಿಸಿದೆ. ಹಾಲೆಯೇ ಇಲ್ಲದವರಿಗೆ ಕೆನ್ನೆಯ ಚರ್ಮವನ್ನು ತಿರುಗಿಸಿ ಹಾಲೆ ಮಾಡುವ ಕ್ರಮವೂ ಇದೆ. ಕಿವಿ ಕೂಡಿಸಿದ ಮೇಲೆ ಹಗಲು ನಿದ್ದೆ, ಮೈಮುರಿಯುವ ಕೆಲಸ, ಅತಿಯಾದ ಊಟ, ಬೆಂಕಿಯ ಕಾವು, ಹೆಚ್ಚು ಮಾತು ಇವನ್ನು ಬಿಡಬೇಕೆಂದು ಆ ಗ್ರಂಥ ವಿಧಿಸುತ್ತದೆ. ಈಗಿನ ವೈದ್ಯರು ಮಾತಾಡುವುದಕ್ಕೆ ಅಡ್ಡಿ ಹೇಳಲಾರರು!

ಇನ್ನೊಂದು ಮಾತು ಮನೆಯೊಳಗಿನಿಂದಲೇ ಬರುತ್ತದೆ. “ಈ ವಯಸ್ಸಿನಲ್ಲಿ ನಿನಗೇಕೆ ಸೋಗು?” ಎಂದು. ಕಾಲು ಹರಿದ ಕುರ್ಚಿಯನ್ನು ಬಡಗಿಯ ಹತ್ತಿರ ಒಯ್ಯುವವರು, ಹರಿದ ಕಂಬಳಿಗೆ ತೇಪೆ ಹಾಕಿಸುವವರು, ಮನೆಯೊಡತಿಯ ಕಿವಿಗೆ ಅರ್ಧ ದಿನ ಕೊಡಲಾರರೇ? ಗಂಡಸರಿಗೂ ಇದು ಅನ್ವಯಿಸುತ್ತದೆ. ಹಿಂದೆ ಒಂಟಿ, ಹತ್ತಕಡಕು ಧರಿಸಿ ಕಿವಿ ಜೋತುಬಿದ್ದ ಅಜ್ಜಂದಿರೂ ಹೊಲಿಸಿಕೊಳ್ಳಬಹುದು.

ಹೋಗಬೇಕಾದದ್ದು ಎಲ್ಲಿಗೆ? ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿರಿ. ಶಸ್ತ್ರವೈದ್ಯರು ಅಥವಾ ಕಿವಿ ಮೂಗು ಗಂಟಲಿನ ವೈದ್ಯರು ಇರುವ ತಾಲ್ಲೂಕು ಇಲ್ಲವೆ ಜಿಲ್ಲಾ ಆಸ್ಪತ್ರೆಗೆ ಅವರು ಚೀಟಿ ಬರೆದುಕೊಡುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ, ಹೃದಯಕ್ಕಾಗಿ ರಕ್ತ ತೆಳುಮಾಡುವ ಗುಳಿಗೆ ನುಂಗುತ್ತಿದ್ದರೆ, ಬಸುರಿಯಾಗಿದ್ದರೆ, ಮುಚ್ಚಿಡದೆ ಹೇಳಿರಿ. ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿರಿ. ಹಿಂದೆ ಯಾವುದಾದರೂ ಗಾಯದ ಕಲೆ ಗಡ್ಡೆಯಂತೆ ಉಬ್ಬಿ ಬೆಳೆದಿದ್ದರೆ ಅದನ್ನು ತಪ್ಪದೆ ತಿಳಿಸಬೇಕು. ಇದಕ್ಕೆ ಕೀಲಾಯ್ಡ್ ಎನ್ನುತ್ತಾರೆ. ಕಿವಿಯ ಹಾಲೆ ಅದಕ್ಕೆ ಬಲು ಮೆಚ್ಚಿನ ಜಾಗ. ಅಂಥವರ ವಿಷಯದಲ್ಲಿ ವೈದ್ಯರು ಬಹಳ ಯೋಚಿಸಿ ಕೈಹಾಕುತ್ತಾರೆ.

ಕಿವಿ ಈಗತಾನೆ ಹರಿದಿದ್ದರೆ ಕ್ರಮ ಬೇರೆ. ಶುದ್ಧವಾದ ನೀರಿನಲ್ಲಿ ತೊಳೆದು, ಮಡಿ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿದು, ಅಂದೇ ಆಸ್ಪತ್ರೆಗೆ ಹೊರಡಿರಿ. ಹಸಿ ಗಾಯವನ್ನು ಆಗಲೇ ಹೊಲಿದರೆ ಮುಂದಿನ ತಾಪತ್ರಯವಿಲ್ಲ. ಸುಣ್ಣ, ಕಾಫಿಪುಡಿ, ಸಗಣಿ ಏನನ್ನೂ ಮೆತ್ತಬೇಡಿರಿ. ಅವುಗಳಿಂದ ಕೀವಾಗುತ್ತದೆ, ಧನುರ್ವಾಯುವಿನ ಭಯವೂ ಇದೆ. ಧನುರ್ವಾಯು ತಡೆಯುವ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಿರಿ.

ಹೊಲಿಗೆಯ ನಂತರ ಒಂದೆರಡು ದಿನ ಕಿವಿಗೆ ನೀರು ತಗಲಬಾರದು. ಕೊಟ್ಟ ಮುಲಾಮನ್ನು ಹಚ್ಚಿರಿ, ಆ ಮಗ್ಗುಲಾಗಿ ಮಲಗಬೇಡಿರಿ. ಸುಮಾರು ಒಂದು ವಾರದಿಂದ ಹತ್ತು ದಿನದೊಳಗೆ ಹೊಲಿಗೆ ಬಿಚ್ಚುತ್ತಾರೆ. ಕೆಂಪಗೆ ಊದಿಕೊಂಡು ಕೀವು ಬಂದರೆ ಆ ದಿನದವರೆಗೆ ಕಾಯದೆ ಹೋಗಬೇಕು.

ತಾಳ್ಮೆ ಬೇಕಾದದ್ದು ಇನ್ನು ಮುಂದೆ. ಹೊಲಿಗೆ ಬಿಚ್ಚಿದ ಕೂಡಲೇ ಗೆರೆ ಗಟ್ಟಿಯಾಯಿತೆಂದು ತಿಳಿಯಬೇಡಿರಿ. ಅದು ಬಲ ಕೂಡಿಸಿಕೊಳ್ಳಲು ಸುಮಾರು 3 ತಿಂಗಳು ಹಿಡಿಯುತ್ತದೆ. ಆಮೇಲೂ ಮೊದಲಿನ ಚರ್ಮದ ಬಲ ಪೂರ್ತಿ ಬರುವುದಿಲ್ಲ, ನೂರಕ್ಕೆ 80ರಷ್ಟು ಬಂದರೆ ಹೆಚ್ಚು. ಆದುದರಿಂದ ಹೊಸ ತೂತನ್ನು ಅಲ್ಲಿಯವರೆಗೆ ತಡೆದು, ಗೆರೆಯ ಮೇಲಲ್ಲದೆ ಅದರ ಪಕ್ಕದಲ್ಲಿ, ಅಂಚಿಗೆ ತೀರ ಹತ್ತಿರವಾಗದಂತೆ ಚುಚ್ಚಿಸಬೇಕು. ಮೊದಲು ಹಗುರವಾದ ಚಿನ್ನದ ಹರಳೋಲೆ. ಜುಮುಕಿ ಬೇಕೇ ಬೇಕೆಂದಾದರೆ ಭಾರವನ್ನು ಕೂದಲಿಗೆ ಸಾಗಿಸುವ ಮಾಟಿಯೊಡನೆ, ಹಬ್ಬ ಮದುವೆಗಳ ದಿನ ಮಾತ್ರ. ರಾತ್ರಿ ಮಲಗುವಾಗ ಬಿಚ್ಚಿಡಬೇಕು.

ಮನೆಯಲ್ಲಿ ವೈಶಾಖದ ಮದುವೆ ಇದ್ದು, ಆ ದಿನ ಓಲೆ ಹಾಕಿಕೊಳ್ಳಬೇಕೆಂಬ ಆಸೆ ಇದ್ದರೆ ಸಂಕ್ರಾಂತಿಗೆ ಮೊದಲೇ ಹೊಲಿಗೆ ಮುಗಿದಿರಬೇಕು.